ಬಾಗಿಲಿಗೆ ಬಿಗಿದ ಕೆಂಪು ಹಗ್ಗ

ಹಿಪ್ಪುನೇರಳೆ ಮಹಲ್ ಹೋಟೆಲಿನ ವ್ಯವಸ್ಥಾಪಕರಾದ ಓರ್ಹುನ್ ಬೇ ಅವರಿಗೆ, ಕೆಮಾಲಿಯೆಯ ಮೇಲುಕೇರಿಯಿಂದ ಸವಿನಯ ವಂದನೆಗಳು.

ಮಾನ್ಯರೇ,

ಕಳೆದ ಮೇ ಹನ್ನೊಂದರ ಶನಿವಾರ, ತಮ್ಮ ಹೋಟೆಲಿನ ಆರಂಭೋತ್ಸವಕ್ಕೆಂದು ಇಡೀ ಕೇರಿಯನ್ನು ಊಟಕ್ಕೆ ಕರೆದು, ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದಿರಿ. ಹಾಗೆ ಮಾಡಿದ್ದು ತಮಗೆ ಗೊತ್ತೇ ಇಲ್ಲವೆಂದು ನಾನು ಪೂರ್ತಿಯಾಗಿ ನಂಬುತ್ತೇನೆ. ಗೊತ್ತಿಲ್ಲದಿರುವುದೇ ನನ್ನ ದೂರು.

ಆ ಹಳೆಯ ಮನೆಯನ್ನು ಬೀಳದಂತೆ ಉಳಿಸಿದ್ದಕ್ಕೆ ನಾವು ಋಣಿಗಳು. ನಲವತ್ತು ವರ್ಷ ಪಾರಿವಾಳಗಳು ಆಳಿದ ಅಟ್ಟದಲ್ಲಿ ಈಗ ಸ್ನಾನದ ತೊಟ್ಟಿಯಿದೆ. ನಮ್ಮ ಅಜ್ಜಿಯರು ಜೇಬಿಗೆ ತುರುಕುತ್ತಿದ್ದ, ಹಿಪ್ಪುನೇರಳೆ ಮತ್ತು ಅಕ್ರೋಟು ಕುಟ್ಟಿ ಮಾಡಿದ ಉಂಡೆ ಈಗ ಕರಿಕಲ್ಲಿನ ತಟ್ಟೆಯ ಮೇಲೆ ಒಂಟಿಯಾಗಿ ಕುಳಿತು ಬರುತ್ತದೆ. ಯೂಫ್ರಟಿಸ್ ನದಿಯ ಹಸಿರು ಮಾತ್ರ ತಮ್ಮ ಪರದೆಗಳಿಗೆ ಹೊಂದುತ್ತಿಲ್ಲ. ಅದಕ್ಕೂ ಒಮ್ಮೆ ಬಣ್ಣ ಹೊಡೆಸಿಬಿಡಿ.

ಆದರೆ ಬೀದಿಬಾಗಿಲಿನಲ್ಲಿ, ತಟ್ಟಲೆಂದು ಇರುವ ಎರಡು ಕಬ್ಬಿಣದ ಬಳೆಗಳ ನಡುವೆ, ಇಸ್ತಾಂಬುಲಿನಿಂದ ಬಂದ ತಮ್ಮ ಅಲಂಕಾರ ತಜ್ಞರು ಕೆಂಪು ರೇಷ್ಮೆ ಹಗ್ಗವೊಂದನ್ನು ಎಳೆದು ಬಿಗಿದು ಅಂದವಾದ ಗಂಟು ಹಾಕಿದ್ದಾರೆ. ಅತಿಥಿಗಳೆಲ್ಲ ಹಿಂದಿನ ಗಾಜಿನ ಬಾಗಿಲಿನಿಂದ ಓಡಾಡುವುದರಿಂದ ಅದನ್ನು ಯಾರೂ ಬಿಚ್ಚಿಲ್ಲ. ನಮ್ಮೂರಿನಲ್ಲಿ ಬಳೆಗಳ ನಡುವಿನ ಹಗ್ಗ ಸಡಿಲವಾಗಿದ್ದರೆ ಮನೆಯವರು ಹತ್ತಿರದಲ್ಲೇ ಇದ್ದಾರೆ, ಬರುತ್ತಾರೆ ಎಂದರ್ಥ. ಬಿಗಿಯಾಗಿದ್ದರೆ ದೂರ ಹೋಗಿದ್ದಾರೆ, ಸದ್ಯಕ್ಕೆ ಬರುವುದಿಲ್ಲ. ಅಂಥ ಬಾಗಿಲನ್ನು ಮರ್ಯಾದಸ್ಥರು ತಟ್ಟುವುದಿಲ್ಲ.

ಆ ದಿನ ಅರವತ್ತು ಮಂದಿ ಇಸ್ತ್ರಿ ಬಟ್ಟೆ ತೊಟ್ಟು ಬಂದು ಆ ಗಂಟನ್ನು ನೋಡಿದೆವು. ತಾಮ್ರದ ಕೆಲಸದ ಹೈರುಲ್ಲಾ, "ಊಟಕ್ ಕರ್ದವ್ರೇ ಊರು ಬಿಟ್ಟವ್ರೆ ಕಣ್ರಪ್ಪ, ನಡೀರಿ ಮನೆಗೆ" ಎಂದ. ಮರುದಿನ ತಾವು ಪತ್ರಿಕೆಯಲ್ಲಿ, ಸ್ಥಳೀಯರಿಗೆ ತಮ್ಮದೇ ಪರಂಪರೆಯಲ್ಲಿ ಆಸಕ್ತಿಯಿಲ್ಲವೆಂದು ವಿಷಾದಿಸಿದಿರಿ.

ನಮ್ಮದು ಒಂದು ಊಟ, ಹೋಗಲಿ. ನಮ್ಮ ಕೇರಿಯ ಮಕ್ಬೂಲೆ ಅಕ್ಕನಿಗೆ ಎಂಬತ್ತೆಂಟು ವರ್ಷ. ತಾವು ನದಿಮುಖದ ನಾಲ್ಕನೆಯ ಕೋಣೆ ಎಂದು ಕರೆಯುವಲ್ಲಿ ಆಕೆ ಹುಟ್ಟಿದ್ದು. ಅಲ್ಲಿಯ ಕಿಟಕಿಯ ಬಳಿ ಒಮ್ಮೆ ಕೂತು ಎದ್ದುಬರಬೇಕೆಂಬುದಷ್ಟೇ ಆಕೆಯ ಆಸೆ. ಪ್ರತಿ ಶುಕ್ರವಾರ ತಮ್ಮ ಬೀದಿಬಾಗಿಲಿನವರೆಗಿನ ಎಪ್ಪತ್ತೆರಡು ಮೆಟ್ಟಿಲು ಹತ್ತುತ್ತಾಳೆ, ಹಗ್ಗ ನೋಡುತ್ತಾಳೆ, ಇಳಿಯುತ್ತಾಳೆ. ಗಾಜಿನ ಬಾಗಿಲಿನಿಂದ ಹೋಗೋಣವೆಂದರೆ, "ಹುಟ್ಟಿದ ಮನೆಗೆ ಹಿಂದ್ಗಡೆಯಿಂದ ನುಗ್ಲೇನೋ ತಹ್ಸಿನ್? ಅವ್ರು ಬರ್ಲಿ, ಕಾಯ್ತೀನಿ" ಎನ್ನುತ್ತಾಳೆ. ಕಳೆದ ವಾರ ಐವತ್ತನೆಯ ಮೆಟ್ಟಿಲಲ್ಲಿ ಕೂತುಬಿಟ್ಟು, "ನೀನೇ ಹೋಗಿ ನೋಡ್ಕೊಂಡ್ ಬಾ" ಎಂದು ನನ್ನನ್ನು ಕಳುಹಿಸಿದಳು. ನೋಡಿಕೊಂಡು ಬಂದೆ. ಆಕೆ ನನ್ನ ಮುಖ ನೋಡಿ, ಎದ್ದು ಮೆಟ್ಟಿಲು ಇಳಿಯತೊಡಗಿದಳು.

ಈ ದೂರಿಗೆ ತಮ್ಮಿಂದ ಬಹಿರಂಗ ಉತ್ತರವನ್ನು ಅಪೇಕ್ಷಿಸುತ್ತೇನೆ.

ಐವತ್ತನೆಯ ಮೆಟ್ಟಿಲಿನಿಂದ, ಈಗಲೂ ತಮ್ಮ ವಿಶ್ವಾಸಿ,
ತಹ್ಸಿನ್ ಕರದೇರೆ
ನಿವೃತ್ತ ಗ್ರಂಥಪಾಲಕ

ತಾ.ಕ.: ತಮ್ಮ ಕರಪತ್ರದ ಮುಖಪುಟದಲ್ಲಿ ಅದೇ ಗಂಟಿನ ಚಿತ್ರದ ಕೆಳಗೆ 'ನಿಮಗಾಗಿ ಸದಾ ತೆರೆದ ಮನೆ' ಎಂದಿದೆ. ಉತ್ತರ ಬರೆಯುವ ಶ್ರಮ ಬೇಡ; ಶುಕ್ರವಾರದೊಳಗೆ ಹಗ್ಗ ಬಿಚ್ಚಿ. ಆ ಉತ್ತರವನ್ನು ಓದಲು ಇಡೀ ಕೇರಿಗೆ ಬರುತ್ತದೆ.