ಕೊಸರಿನ ಬಟನ್

ಸಿದ್ದಾರ್ಥನಿಗೆ ‘ಆಗುವುದಿಲ್ಲ’ ಎನ್ನುವ ಬಾಯಿ ಇರಲಿಲ್ಲ. ಡಿಪ್ಲೊಮಾ ಇತ್ತು, ಲ್ಯಾಪ್‌ಟಾಪ್ ಇತ್ತು, ಕೊಪ್ಪದ ಕಮಾಲುದ್ದೀನರ ದಿನಸಿ ಅಂಗಡಿಗೆಂದು ತಾನೇ ಕೂತು ಮಾಡಿದ ಮೊಬೈಲ್ ಆಪ್ ಇತ್ತು. ಆ ಬಾಯಿ ಒಂದು ಇರಲಿಲ್ಲ.

ಆಪ್ ಬಳಸಲು ಯಾರಿಗೂ ಕಷ್ಟವಾಗಬಾರದು ಎಂದು ಅವನು ಅದನ್ನು ಮೊದಲು ಕೇರಿಯವರಿಗೆ ತೋರಿಸಿದ. ಕೆಟ್ಟದ್ದು ಅಲ್ಲೇ. ಎದುರು ಮನೆಯ ವೀರಪ್ಪನವರು ಅಕ್ಷರ ದೊಡ್ಡದಾಗಬೇಕು ಎಂದರು. ಮಾಡಿದ. ‘ತೊಗರಿಬೇಳೆ’ ಬಸ್ಸಿನ ಬೋರ್ಡಿನಷ್ಟು ದೊಡ್ಡದಾಗಿ, ತೊಗರಿ ಒಳಗೂ ಬೇಳೆ ಪರದೆಯ ಹೊರಗೂ ನಿಂತವು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಪವಿತ್ರಕ್ಕ ಆಪನ್ನು ಮೇಲಿಂದ ಕೆಳಗೆ ಎರಡು ಸಲ ಉಜ್ಜಿ ನೋಡಿದಳು.

“ಎಲ್ಲ ಸರಿ ಮಾರಾಯ, ಕೊಸರು ಎಲ್ಲಿ?”

“ಕೊಸರಾ?”

“ಮತ್ತೆ? ಸಕ್ಕರೆ ತೂಗಿದ್ ಮೇಲೆ ಕಮಾಲಣ್ಣ ಒಂಚೂರು ಮೇಲೆ ಹಾಕಲ್ವಾ? ರವಿಕೆ ಹೊಲಿಯುವಾಗ ನಾನೂ ಎರಡಿಂಚು ಬಟ್ಟೆ ಒಳಗೆ ಬಿಡಲ್ವಾ? ಕೊಸರಿಲ್ದೇ ಇರೋಕೆ ಅದೇನು ಅಂಗಡಿಯಾ, ಆಸ್ಪತ್ರೆಯಾ?”

ಸಿದ್ದಾರ್ಥ ಒಂದು ಹಸಿರು ಬಟನ್ ಹಾಕಿದ. ಒತ್ತಿದರೆ ಟಿಣ್ ಎಂದು ಸದ್ದಾಗಿ, ಪಕ್ಕದಲ್ಲಿ ‘ಕೊಸರು 1’ ಎಂದು ಮೂಡುತ್ತಿತ್ತು. ಎರಡಕ್ಕೆ ನಿಲ್ಲಿಸುವುದು ಅವನ ಲೆಕ್ಕ.

“ಕೊಸರಿಗೂ ಬೇಲಿ ಹಾಕ್ತಾರಾ? ಮರ್ಯಾದೆ ಇಲ್ದೋರು ಮಾಡೋ ಕೆಲಸ” ಎಂದಳು ಪವಿತ್ರಕ್ಕ.

ಬೇಲಿ ತೆಗೆದ.

ಕಮಾಲುದ್ದೀನರು ಒಂದು ದಿನ ಪರೀಕ್ಷೆ ಮಾಡಲು ಒಪ್ಪಿದ್ದರು. ಸಂಜೆಗೆ ಅವರು ಸೈ ಎಂದರೆ ಶೃಂಗೇರಿಯಲ್ಲಿದ್ದ ಅವರ ತಮ್ಮನ ಅಂಗಡಿ, ನರಸಿಂಹರಾಜಪುರದಲ್ಲಿದ್ದ ಭಾವನ ಅಂಗಡಿ ಎರಡಕ್ಕೂ ಆಪ್ ಮಾಡುವ ಕೆಲಸ ಸಿಗುವುದಿತ್ತು. ಮೂರು ಅಂಗಡಿ ಸಿಕ್ಕರೆ ಸಿದ್ದಾರ್ಥ ತನ್ನ ಕಾಲ ಮೇಲೆ ನಿಲ್ಲಬಹುದು. ಇಲ್ಲದಿದ್ದರೆ ಸೋದರಮಾವ ಶಿವಶಂಕರಪ್ಪನ ಝೆರಾಕ್ಸ್ ಅಂಗಡಿಯೇ ಗತಿ. ಅಲ್ಲಿ ಅವನು ಎರಡು ವರ್ಷ ಊರವರ ಆಧಾರ್ ಕಾರ್ಡುಗಳನ್ನು ಮಗುಚಿ ಹಾಕುತ್ತ ಕಳೆದಿದ್ದ. ಈಗಲೂ ಯಾರಾದರೂ ಕಾರ್ಡು ಹೊರತೆಗೆದರೆ ಅವನ ಕೈ ತಾನಾಗಿ ಮುಚ್ಚಳ ಎತ್ತಲು ಹೋಗುತ್ತಿತ್ತು.

ಪರೀಕ್ಷೆಯ ದಿನ ಮೊದಲ ಆರ್ಡರ್ ಹರಿಹರಪುರದಿಂದ ಬಂತು. ಸಕ್ಕರೆ ಒಂದು ಕೇಜಿ, ಕೊಸರು 3. ಬಸ್ಸಿಗೆ ಹಾಕಿ ಕಳಿಸಬೇಕಂತೆ. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸಿದ್ದಾರ್ಥ ನಕ್ಕ. ಎರಡನೆಯದು ಭಂಡಿಗಡಿಯದು. ಕಡ್ಲೆಬೇಳೆ ಅರ್ಧ ಕೇಜಿ, ಕೊಸರು 19. ನಗು ನಿಂತಿತು. ಮೂರನೆಯದು ಎದುರು ಮನೆಯ ವೀರಪ್ಪನವರದು. ಬೆಂಕಿಪೊಟ್ಟಣ ಒಂದು, ಕೊಸರು 74.

ಸಿದ್ದಾರ್ಥ ಪೇಪರ್ ಸಿಕ್ಕಿಕೊಂಡ ಝೆರಾಕ್ಸ್ ಮಿಷನ್ನಿನ ಹಾಗೆ ಬಾಯಿ ತೆರೆದುಕೊಂಡು ನಿಂತ. ಆಮೇಲೆ ರಸ್ತೆ ದಾಟಿ ಓಡಿದ. ವೀರಪ್ಪನವರು ಜಗಲಿಯಲ್ಲಿ ಕೂತು ಇನ್ನೂ ಒತ್ತುತ್ತಿದ್ದರು.

“ಎಂತ ಮಾಡ್ತಿದೀರಿ ವೀರಪ್ಪನೋರೇ?”

“ಒತ್ತಿದಷ್ಟೂ ಕೊಡ್ತದೆ ಮಾರಾಯ ಇದು! ಮನುಷ್ಯ ಆಗಿದ್ರೆ ಮೂರನೇ ಸಲಕ್ಕೇ ಮುಖ ಗಂಟಿಕ್ತಿದ್ದ. ಒಳ್ಳೆ ಆಪು.”

“ದಮ್ಮಯ್ಯ, ಸಾಕು ಮಾಡಿ.”

“ಬಾಗಿಲು ಇಟ್ಟೋನೂ ನೀನೇ, ಒಳಗೆ ಬರ್ಬೇಡಿ ಅನ್ನೋನೂ ನೀನೇ. ಟಿಣ್! ಎಪ್ಪತ್ತೈದು.”

ಸಿದ್ದಾರ್ಥ ಲೆಕ್ಕ ಹಾಕಿದ. ಬೆಂಕಿಪೊಟ್ಟಣಕ್ಕೇ ಎಪ್ಪತ್ತೈದಾದರೆ ಅಕ್ಕಿಗೆ ಎಷ್ಟು! ಆಪನ್ನು ತಿದ್ದಿದರೂ ಅದು ಎಲ್ಲರ ಫೋನಿಗೆ ತಲುಪಲು ನಾಳೆಯಾಗುತ್ತಿತ್ತು. ಅಷ್ಟರೊಳಗೆ ಕಮಾಲುದ್ದೀನರ ಅಂಗಡಿಯಲ್ಲಿ ತಕ್ಕಡಿ ಬಿಟ್ಟು ಬೇರೇನೂ ಉಳಿಯುವುದಿಲ್ಲ ಎಂದುಕೊಳ್ಳುವಾಗ ಅವರದೇ ಫೋನ್ ಬಂತು. ಎತ್ತಿದ.

“ಸಿದ್ದಾರ್ಥ, ನಿಮ್ಮನೆ ಹಿತ್ಲಲ್ಲಿ ಕರಿಬೇವು ಇದ್ಯಲ್ಲ, ನಮ್ಮ ಅಂಗಡಿ ಹುಡುಗ ಮುಬಶಿರನ್ನ ಕಳಿಸಿ ಸ್ವಲ್ಪ ಕುಯ್ಸ್ಲಾ?”

ಆ ಮರವೆಂದರೆ ಸಿದ್ದಾರ್ಥನ ತಾಯಿ ಸುಮಿತ್ರಮ್ಮನಿಗೆ ಜೀವ. ಕೇಳದೆ ಒಂದು ಎಸಳು ಕಿತ್ತವರ ಜೊತೆ ಅವರು ಒಂದು ವಾರ ಮಾತು ಬಿಡುತ್ತಿದ್ದರು. ಆದರೆ ಕೊಸರಿನ ಸುದ್ದಿ ಬರಲಿಲ್ಲವೆಂಬ ನೆಮ್ಮದಿಯಲ್ಲಿ ಸಿದ್ದಾರ್ಥನಿಗೆ ತಾಯಿಯೂ ನೆನಪಾಗಲಿಲ್ಲ, ಮರವೂ ನೆನಪಾಗಲಿಲ್ಲ.

“ಕುಯ್ಸಿ ಕಮಾಲಣ್ಣ, ಎಷ್ಟು ಬೇಕಾದ್ರೂ ಕುಯ್ಸಿ” ಎಂದುಬಿಟ್ಟ.

ಫೋನಿಟ್ಟು ನೋಡಿದರೆ ಆರ್ಡರುಗಳು ಒಟ್ಟಿಗೇ ಬಂದು ಬೀಳುತ್ತಿದ್ದವು. ಎಲ್ಲವೂ ಒಂದೇ ಕಡೆಯಿಂದ: ಸಮುದಾಯ ಭವನ. ಅಲ್ಲಿ ಹೆಂಗಸರ ಸಂಘದ ಮೀಟಿಂಗ್ ಇತ್ತು. ಬೈಕು ಹತ್ತಿ ಹೋದ. ಗೇಟಿನ ಹೊರಗೇ ಟಿಣ್ ಟಿಣ್ ಕೇಳಿಸಿತು. ಗಂಟೆ ಕಟ್ಟಿದ ದನಗಳನ್ನೆಲ್ಲ ಒಂದೇ ಕೊಟ್ಟಿಗೆಗೆ ನುಗ್ಗಿಸಿದ ಹಾಗಿತ್ತು. ಒಳಗೆ ಹೆಂಗಸರು ಎದುರುಬದುರು ಸಾಲಾಗಿ ಕೂತಿದ್ದರು. ಒಂದು ಸಾಲಿನ ಮುಂದೆ ಪವಿತ್ರಕ್ಕ. ಇನ್ನೊಂದು ಸಾಲಿನ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುಮಿತ್ರಮ್ಮ.

“ಅಮ್ಮಾ!”

“ಮಾತಾಡ್ಸ್ಬೇಡ, ಲೆಕ್ಕ ತಪ್ತದೆ. ಉದ್ದಿನಬೇಳೆ ಅರ್ಧ ಕೇಜಿ, ಕೊಸರು ಇನ್ನೂರಾರು. ಪವಿತ್ರಾ ಇನ್ನೂರಕ್ಕೆ ಬಂದಿದಾಳೆ.”

“ಅಂಗಡಿ ಮುಳುಗ್ತದೆ ಅಮ್ಮ! ನಾನೂ ಮುಳುಗ್ತೀನಿ!”

“ಹೆತ್ತ ಮಗನ ಆಪಲ್ಲಿ ನಾನೇ ಹಿಂದೆ ಬಿದ್ರೆ ನಾಲ್ಕು ಜನ ಎಂತ ಅಂತಾರೆ? ಅತ್ಲಾಗೆ ಹೋಗು.” ಟಿಣ್.

“ಸುಮಿತ್ರಕ್ಕ, ನೀವು ಎರಡು ಬೆರಳಲ್ಲಿ ಒತ್ತೋದು ಮೋಸ!” ಎಂದಳು ಪವಿತ್ರಕ್ಕ.

ಸಂಜೆಯವರೆಗೆ ಸಿದ್ದಾರ್ಥ ಮನೆ ಮನೆಗೆ ಹೋಗಿ ಕೈಮುಗಿದ. ಕೈಮುಗಿದ ಮನೆಯಲ್ಲೆಲ್ಲ ಕೊಸರು ಏರಿತು. ಅಲ್ಲಿಯವರೆಗೆ ಬಟನ್ ವಿಷಯ ಗೊತ್ತಿಲ್ಲದಿದ್ದವರಿಗೂ ಅವನೇ ಹೋಗಿ ತಿಳಿಸಿದ ಹಾಗಾಯಿತು.

ಹೊತ್ತು ಇಳಿದ ಮೇಲೆ ಸಾಯಲು ಹೊರಟವನಂತೆ ಅಂಗಡಿಗೆ ಹೋದ. ಖಾಲಿ ಚೀಲಗಳೇ ಕಾಣುತ್ತವೆ ಎಂದುಕೊಂಡಿದ್ದ. ಅಕ್ಕಿ ಮೂಟೆ ಮೂಟೆಯಾಗಿಯೇ ಇತ್ತು. ಸಕ್ಕರೆ ಗುಡ್ಡೆಯಾಗಿಯೇ ಇತ್ತು. ಕಮಾಲುದ್ದೀನರು ಚಹಾ ಕುಡಿಯುತ್ತಿದ್ದರು.

“ಕಮಾಲಣ್ಣ... ಕೊಸರು...?”

“ಎಲ್ಲರಿಗೂ ಕೊಟ್ಟೆ.”

“ಎಲ್ಲಾನೂ?”

“ಕೊಸರು ಅಂದ್ರೆ ಎಂತ ಕೊಡ್ಬೇಕು ಅಂತ ನಿನ್ನ ಆಪಲ್ಲಿ ಬರ್ದಿಲ್ಲ. ಒಂದು ಟಿಣ್ಣಿಗೆ ಒಂದು ಎಸಳು ಕರಿಬೇವು ಕೊಟ್ಟೆ. ಮುಬಶಿರ್ ಮೂರು ಚೀಲ ತಂದಿದ್ದ.”

“ಯಾರೂ ಬಯ್ಲಿಲ್ವಾ?”

“ಬೆಂಕಿಪೊಟ್ಟಣಕ್ಕೆ ಎಪ್ಪತ್ತೈದು ಸಲ ಕೊಸರು ಕೇಳಿದೋರು ಯಾವ ಮುಖ ಹೊತ್ತು ಬಯ್ತಾರೆ?”

ಸಿದ್ದಾರ್ಥನಿಗೆ ಅವರ ಕಾಲು ಮುಟ್ಟಬೇಕೆನಿಸಿತು.

“ವ್ಯಾಪಾರ ಜೋರಾಗಿತ್ತು. ನಿನ್ನ ಆಪು ನಂಗೆ ಬೇಕು” ಎಂದರು ಕಮಾಲುದ್ದೀನರು.

“ಹಾಗಾದ್ರೆ ಶೃಂಗೇರಿದು, ಎನ್.ಆರ್. ಪುರದ್ದು?”

“ಅವೂ ಮಾಡ್ಬೇಕು. ಒಂದು ತಗೊಂಡಿದೀನಲ್ಲ ಮಾರಾಯ, ಅವೆರಡು ಕೊಸರು.”

ಸಿದ್ದಾರ್ಥ ಬಾಯಿ ತೆರೆದ. ಹೇಳಬೇಕಾದ ಮಾತು ಗಂಟಲವರೆಗೆ ಬಂತು. “ಆಯ್ತು ಕಮಾಲಣ್ಣ” ಎಂದು ಹೊರಬಿತ್ತು.

ಅರ್ಧ ದಾರಿ ಬಂದ ಮೇಲೆ ಮೂರು ಚೀಲ ಎಂಬುದು ತಲೆಗೆ ಹೊಕ್ಕಿತು. ಬೈಕು ತಾನಾಗಿ ನಿಧಾನವಾಯಿತು.

ಹಿತ್ತಿಲಲ್ಲಿ ಸುಮಿತ್ರಮ್ಮ ನಿಂತಿದ್ದರು. ಮರ ಬಟ್ಟೆ ಹಾರಿಹೋದ ಕೊಡೆಯ ಕಡ್ಡಿಗಳಂತೆ ನಿಂತಿತ್ತು. ಅವರ ಒಂದು ಕೈಯಲ್ಲಿ ಅರ್ಧ ಕೇಜಿ ಉದ್ದಿನಬೇಳೆ, ಇನ್ನೊಂದು ಕೈಯಲ್ಲಿ ಹಸಿರು ತುಂಬಿದ ದೊಡ್ಡ ಕವರು.

“ಕಮಾಲಣ್ಣ ಕೊಸರು ಕಳ್ಸಿದಾರೆ. ಮೂಸಿದ ಕೂಡ್ಲೇ ಗೊತ್ತಾಯ್ತು, ನಮ್ಮ ಮರದ್ದೇ. ಯಾವನು ಹೇಳಿದ್ದು ಕುಯ್ಯೋಕೆ? ಹೇಳು, ಯಾವನು?”

 ದುಡ್ಡು ಬರುವುದು ಒಂದೇ ಅಂಗಡಿಯಿಂದ; ಮರುದಿನ ಬೆಳಿಗ್ಗೆ ಮಾವನ ಝೆರಾಕ್ಸ್ ಅಂಗಡಿಯ ಬಾಗಿಲು ತೆಗೆದವನು ಸಿದ್ದಾರ್ಥನೇ. ಹೋದದ್ದು ಎರಡು ಅಂಗಡಿಯ ದುಡಿಮೆ, ಒಂದು ಮರದ ಅಷ್ಟೂ ಎಲೆ.