ಜೋಡಿ ಹಚ್ಚುವವನ ವಹಿ

ನಾನು ಎಲ್ಲಿ ವಹಿ ತೆರೆದರೂ ಅಲ್ಲೊಂದು ಗದ್ದಲ ಆಗಿಯೇ ತೀರುತ್ತದೆ. ಅದು ನನ್ನ ತಪ್ಪಲ್ಲ, ನನ್ನ ಕೆಲಸದ ತಪ್ಪು. ಬೈಲಹೊಂಗಲದಲ್ಲಿ ನಮ್ಮಪ್ಪ ಪಂಚಾಂಗ ಹಿಡಿದು ಜಾತಕ ಕೂಡಿಸುತ್ತಿದ್ದರು. ಅವರು ಕೂಡಿಸಿದ ಜೋಡಿಗಳು ಮದುವೆಯಾದ ಮೇಲೆ ಬಡಿದಾಡುತ್ತಿದ್ದವು. ನಾನು ಬಡಿದಾಡಲಿಕ್ಕೆಂದೇ ಜೋಡಿ ಕೂಡಿಸುತ್ತೇನೆ. ಸಾಲಿಯ ಪಿ.ಟಿ. ಮಾಸ್ತರಿಕೆಯಿಂದ ನಿವೃತ್ತನಾದವನು ನಾನು. ಮೊದಲು ಕುಸ್ತಿಗೆ ಜೋಡಿ ಹಚ್ಚುತ್ತಿದ್ದೆ, ಈಗ ಎಂ.ಎಂ.ಎ. ಎಂಬ ಆಟಕ್ಕೆ. ಗುದ್ದು, ಒದೆ, ಕುಸ್ತಿ ಮೂರೂ ಕೂಡಿದ ಆಟ ಅದು. ಯಾರ ತೂಕ ಎಷ್ಟು, ಎಷ್ಟು ಗೆದ್ದರು, ಎಷ್ಟು ಸೋತರು, ಯಾರ ಗುದ್ದು ಜೋರು, ಯಾರ ಹಿಡಿತ ಜೋರು, ಎಲ್ಲ ನನ್ನ ವಹಿಯಲ್ಲಿದೆ.

೧. ರಾಮದುರ್ಗದ ಗೆಲುವು

ವಹಿಯ ಮೊದಲ ಪುಟದಲ್ಲಿ ನನ್ನದೇ ದಾಖಲೆ. ಹನ್ನೊಂದು ಕುಸ್ತಿ, ಹತ್ತು ಸೋಲು, ಒಂದು ಗೆಲುವು. ಆ ಒಂದು ಗೆಲುವು ಮೂವತ್ತು ವರ್ಷದ ಹಿಂದೆ ರಾಮದುರ್ಗದಲ್ಲಿ, ಅದೂ ನೇಸರಗಿ ಪೈಲ್ವಾನನ ಮೇಲೆ. ಆತ ಅಲ್ಲಿಯವರೆಗೆ ಸೋಲು ಕಂಡವನೇ ಅಲ್ಲ. ಆತನ ಕಾಲು ಜಾರಿತೋ, ನನ್ನ ಪುಣ್ಯವೋ, ಆತನ ಬೆನ್ನು ಮಣ್ಣಿಗೆ ಹತ್ತಿತು. ಕುಸ್ತಿಯಲ್ಲಿ ಅಲ್ಲಿಗೆ ಮುಗಿಯಿತು. ನಾನು ದೊಡ್ಡ ಮನಸ್ಸು ಮಾಡಿ, ಗೆದ್ದವರು ಮಾಡುವಂತೆ, ಎಲ್ಲರೆದುರು ಆತನ ಬೆನ್ನನ್ನು ಎರಡು ಸಲ ತಟ್ಟಿದೆ. ಸೋತದ್ದಕ್ಕಿಂತ ಆ ತಟ್ಟಿದ್ದೇ ಆತನಿಗೆ ಹೆಚ್ಚು ಉರಿಯಿತು.

ಈಗ ಆತನ ಮಗಳು ಬೆಳಗಾವಿಯಲ್ಲಿ ಎಂ.ಎಂ.ಎ. ಕಲಿಯುತ್ತಾಳೆ. ಮಗಳ ಆಟ ತಿಳಿಯಲಿ ಎಂದು ಒಂದು ದಿನ ಆತನಿಗೆ ನನ್ನ ಫೋನಿನಲ್ಲಿ ಯಾರದೋ ಪಂದ್ಯ ತೋರಿಸಿದೆ. ಇಬ್ಬರಲ್ಲಿ ಒಬ್ಬ ಅಂಗಾತ ಬಿದ್ದ. ಪೈಲ್ವಾನ ಫೋನನ್ನು ನನ್ನ ಕೈಗೆ ತುರುಕಿದ.

"ಮುಗೀತಲ್ರಿ, ಮಾಸ್ತರ."

"ಇನ್ನೂ ನಡದದರಿ. ಇದರಾಗ ಬೆನ್ನು ನೆಲಕ್ಕ ಹತ್ತಿದ್ರ ಸೋಲಲ್ಲ."

"ಬೆನ್ನು ಹತ್ತಿದ್ದು ಸೋಲಲ್ಲಂದ್ರ, ಮೂವತ್ತು ವರ್ಷದಿಂದ ನಿಮ್ಮ ಮಾರಿ ಕಂಡಾಗೆಲ್ಲ ನಾ ಯಾಕ ಹಲ್ಲು ಕಡಿಯಾಕತ್ತೇನ್ರಿ?"

೨. ಮುನವಳ್ಳಿವರೆಗೆ

ಆದರೆ ಆತ ಹೋಗುವಾಗ ಹೇಳಿದ ಮಾತು ನಗುವಂಥದ್ದಲ್ಲ. "ಮಗಳ ಆಟ ನೋಡಾಕ ಈ ಸಲ ನಾನೂ ಬರತೇನಿ. ಆಕಿ ಬೆನ್ನು ನೆಲಕ್ಕ ಹತ್ತಿತಂದ್ರ ಅವತ್ತಿಗೇ ಈ ಆಟ ಬಂದ್. ನನ್ನ ಮನ್ಯಾಗ ಒಂದ ಬೆನ್ನು ಹತ್ತಿದ್ದು ಸಾಕು."

ನನಗೆ ನಿದ್ದೆ ಹಾರಿಹೋಯಿತು. ಆ ಹುಡುಗಿ ನಿಂತು ಆಡಿದರೆ ಸಾಧಾರಣ, ಬಿದ್ದರೆ ಹುಲಿ. ಆಕೆ ಗೆದ್ದ ಎರಡೂ ಪಂದ್ಯ ಅಂಗಾತ ಮಲಗಿಯೇ ಗೆದ್ದದ್ದು. ಇನ್ನು ನನಗಿದ್ದ ದಾರಿ ಒಂದೇ. ಬರೀ ಗುದ್ದುವ, ಯಾರನ್ನೂ ಕೆಡವದ ಒಬ್ಬ ಎದುರಾಳಿಯನ್ನು ಹುಡುಕಬೇಕು. ವಹಿಯೆಲ್ಲ ತಿರುವಿ ಸವದತ್ತಿ ಕಡೆಯ ಒಬ್ಬ ಹುಡುಗಿಯನ್ನು ಆರಿಸಿದೆ. ಬಸ್ಸಿನಲ್ಲಿ ಕುಳಿತೇ ಆಕೆಗೆ ಆಟ ಕಲಿಸುವ ಉಸ್ತಾದನಿಗೆ ಫೋನು ಹಚ್ಚಿದೆ.

"ನಮ್ಮ ಹುಡುಗಿ ಐವತ್ತೆರಡು ಕಿಲೋ, ಐದು ಫೂಟು ಎರಡು ಇಂಚು. ಮೂರು ಆಗ್ಯಾವ. ನಿಮ್ಮಾಕಿಗೆ ನಾಕು ಆಗ್ಯಾವ? ಚಿಂತಿಲ್ಲ. ಗುದ್ದತಾಳ? ಗುದ್ದಲಿ ಬಿಡ್ರಿ, ನಮ್ಮಾಕಿ ತಡಕೋತಾಳ. ಕೆಳಗ ಕೆಡವೂದಿಲ್ಲ ಹೌದಲ್ಲೋ? ಅಷ್ಟ ಬೇಕಾಗಿತ್ತು. ಕಿತ್ತೂರಾಗ ಕಲ್ಯಾಣ ಮಂಟಪ ಹಿಡದೇವಿ."

ಫೋನು ಇಟ್ಟಾಗ ಬಸ್ಸೆಲ್ಲ ಸುಮ್ಮನಾಗಿತ್ತು. ಕಂಡಕ್ಟರ್ ಟಿಕೀಟು ಕೊಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಪಕ್ಕದ ಸೀಟಿನ ಮುದುಕಿ ಬುಟ್ಟಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು.

"ಮೂರು ಲಗ್ನ ಆಗ್ಯಾವೇನೋ ತಮ್ಮಾ, ಆ ಹುಡುಗಿಗೆ?"

"ಲಗ್ನ ಅಲ್ಲ ಆಯಿ, ಪಂದ್ಯ. ಈಗೊಂದು ಜೋಡಿ ಹಚ್ಚಲಿಕ್ಕೆ ಹತ್ತೀನಿ."

"ವರ ಏನ ಮಾಡತಾನ?"

"ವರ ಇಲ್ಲ ಆಯಿ. ಇಬ್ಬರೂ ಹುಡುಗ್ಯಾರ."

ಮುದುಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಿಂದಿನ ಸೀಟಿನಲ್ಲಿ ಪಿಸಪಿಸ ಸುರುವಾಯಿತು. ಬಿಡಿಸಿ ಹೇಳಲು ಹೋದರೆ ಮತ್ತಷ್ಟು ಸಿಕ್ಕಾಗುತ್ತದೆಂದು ನಾನು ಬೆವರುತ್ತ ಕುಳಿತೆ. ಮುನವಳ್ಳಿ ಬಂತು. ಮುದುಕಿ ಇಳಿಯಲು ಎದ್ದು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು.

"ಇರ್ಲಿ ಬಿಡೋ ತಮ್ಮಾ. ಜಾತಕ ಕೂಡೇತಿಲ್ಲೋ?"

೩. ಚೀಲದ ತೂಕ

ಪಂದ್ಯದ ದಿನ ಮುಂಜಾನೆ ಕಿತ್ತೂರಿನಲ್ಲಿ ತೂಕದ ಯಂತ್ರ ಕೆಟ್ಟಿತು. ಐವತ್ತೆರಡು ಕಿಲೋ ಮೀರಿದರೆ ಪಂದ್ಯವಿಲ್ಲ. ಸವದತ್ತಿ ಉಸ್ತಾದ ನಿಯಮದ ಪುಸ್ತಕ ಹಿಡಿದುಕೊಂಡೇ ಬಂದಿದ್ದ. ಎಲ್ಲರೂ ಹತ್ತಿರದ ಕಾಳಿನ ಅಂಗಡಿಗೆ ಹೋದೆವು. ಅಲ್ಲಿ ಚೀಲ ತೂಗುವ ತಕ್ಕಡಿಯ ಮೇಲೆ ನಮ್ಮ ಹುಡುಗಿ ನಿಂತಳು. ಮುಳ್ಳು ಐವತ್ತೆರಡೂವರೆಗೆ ಹೋಗಿ ನಿಂತಿತು. ತಂದೆ ಎದುರಿಗೇ ಇದ್ದ, ಮಗಳು ಕಣ್ಣು ಮುಚ್ಚಿಕೊಂಡಿದ್ದಳು.

ತೂಗುವವನು ಕೂಗಿದ, "ಐವತ್ತೊಂದೂವರಿ!"

ಉಸ್ತಾದ ಹಾರಿಬಿದ್ದ. "ಕಣ್ಣು ಕಾಣತಾವೇನೋ ನಿನಗ? ಮುಳ್ಳು ಎಲ್ಲೈತಿ ನೋಡು!"

"ಚೀಲದ್ದು ಒಂದು ಕಿಲೋ ಕಳದೇನ್ರಿ," ಎಂದ ಅವನು. ದಿನಾ ಮಾಡುವ ಕೆಲಸ, ಕೈ ಬಾಯಿ ತಾವೇ ಮಾಡಿದ್ದವು.

ಗದ್ದಲ ಜೋರಾಯಿತು. ಪಂದ್ಯ ರದ್ದು ಎಂದು ಉಸ್ತಾದ ಪುಸ್ತಕ ಬೀಸಿದ. ನಿಮ್ಮ ಹುಡುಗಿಯನ್ನೂ ಒಮ್ಮೆ ಹತ್ತಿಸಿರಿ ಎಂದೆ. ಹತ್ತಿಸಿದರು. ಮುಳ್ಳು ಐವತ್ತೆರಡೂ ಮುಕ್ಕಾಲಿಗೆ ನಿಂತಿತು.

ಉಸ್ತಾದ ಮುಳ್ಳನ್ನು ನೋಡಿದ, ನನ್ನನ್ನು ನೋಡಿದ, ಪುಸ್ತಕವನ್ನು ಮಡಚಿ ಕಿಸೆಗೆ ಹಾಕಿಕೊಂಡ. "ಬರೋಬರಿ ಐತ್ರಿ. ಚೀಲ ಕಳೀದ ಯಾರರ ತೂಗತಾರೇನ್ರಿ?"

೪. ತಟ್ಟಿದ್ದು

ಕಲ್ಯಾಣ ಮಂಟಪದ ನಡುವೆ ಆಡುವ ಜಾಗದ ಸುತ್ತ ಜಾಲರಿ ಕಟ್ಟಿದ್ದರು. ಪೈಲ್ವಾನ ಮುಂದಿನ ಸಾಲಿನಲ್ಲಿ ಕುಳಿತ. ನಾನು ಬಾಗಿಲ ಪಕ್ಕದ ಕುರ್ಚಿ ಆರಿಸಿಕೊಂಡಿದ್ದೆ. ಆತ ಕರೆದು ತನ್ನ ಪಕ್ಕಕ್ಕೇ ಕೂಡಿಸಿಕೊಂಡ.

ಮೊದಲ ಸುತ್ತು ನಾನು ಅಂದುಕೊಂಡಂತೆಯೇ ನಡೆಯಿತು. ಸವದತ್ತಿ ಹುಡುಗಿ ಬರೀ ಗುದ್ದಿದಳು. ನಮ್ಮಾಕೆಯ ಮೂಗಿನಿಂದ ರಕ್ತ ಬಂತು. ಪೈಲ್ವಾನ ನನ್ನ ಮೊಣಕಾಲನ್ನು ಹಿಡಿದು ಹಿಂಡುತ್ತಿದ್ದ. ಬೆನ್ನೇನೋ ನೆಲಕ್ಕೆ ಹತ್ತಿರಲಿಲ್ಲ, ಆದರೆ ಹುಡುಗಿ ಸೋಲುತ್ತಿದ್ದಳು. ಅಪ್ಪನ ಶರತ್ತು ಉಳಿಸಲು ಹೋಗಿ ನಾನೇ ಆಕೆಯ ಕೈ ಕಟ್ಟಿ ಕಳಿಸಿದಂತಾಯಿತು. ನನಗೆ ನನ್ನ ಮೇಲೇ ಹೇಸಿಗೆ ಬಂತು.

ಎರಡನೆಯ ಸುತ್ತಿನಲ್ಲಿ ಆಕೆ ಎದುರಾಳಿಯ ಕುತ್ತಿಗೆಗೆ ಕೈ ಹಾಕಿದಳು. ಯಾರೂ ಕೆಡವಲಿಲ್ಲ, ಯಾರೂ ನೂಕಲಿಲ್ಲ. ತಾನಾಗಿಯೇ, ಹಾಸಿಗೆ ಮೇಲೆ ಒರಗುವವರ ಹಾಗೆ, ಅಂಗಾತ ಮಲಗಿಬಿಟ್ಟಳು.

"ಹೋತು!" ಎಂದು ಪೈಲ್ವಾನ ಎದ್ದ. ನಾನು ತಡೆಯುವುದರೊಳಗೆ ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ.

"ಪೈಲ್ವಾನರ, ಇನ್ನೂ ಮುಗದಿಲ್ಲರಿ! ಒಮ್ಮೆ ಹೊಳ್ಳಿ ನೋಡ್ರಿ!"

ಆತ ಹೊಳ್ಳಿ ನೋಡಿದ. ಜಾಲರಿಯೊಳಗೆ ಸವದತ್ತಿ ಹುಡುಗಿ ಆತನ ಮಗಳ ಭುಜವನ್ನು ಪಟಪಟ ತಟ್ಟುತ್ತಿದ್ದಳು. ಪೈಲ್ವಾನನ ಕಣ್ಣಲ್ಲಿ ನೀರು ಬಂತು.

"ನೋಡ್ರಿ ಮಾಸ್ತರ, ಗೆದ್ದಾಕಿ ಎಷ್ಟು ಛಲೋ ಹುಡುಗಿ ಅದಾಳ! ಶಾಬಾಸ್ ಅಂತ ತಟ್ಟಾಕತ್ತಾಳ. ನಿಮ್ಮಂಗ ಎರಡ ಸಲ ಅಲ್ಲ, ಕೈ ಬಿಚ್ಚಿ ತಟ್ಟಾಕತ್ತಾಳ!"

ಅಷ್ಟರಲ್ಲಿ ರೆಫರಿ ಓಡಿ ಬಂದು ಇಬ್ಬರನ್ನೂ ಬಿಡಿಸಿ ಪೈಲ್ವಾನನ ಮಗಳ ಕೈ ಎತ್ತಿ ಹಿಡಿದ.

"ತಪ್ಪು ಕೈ ಎತ್ತಿದ್ನಲ್ರಿ!" ಎಂದು ಪೈಲ್ವಾನ ಚೀರಿದ.

"ತಪ್ಪಲ್ಲರಿ," ಎಂದೆ. "ನಿಮ್ಮ ಮಗಳು ಆಕಿ ಕುತ್ತಿಗಿ ಕಂಕುಳಾಗ ಹಿಡದು ಅವುಚಿದ್ದಳು. ಸಾಕು, ಬಿಡು ಅನ್ನಲಿಕ್ಕೆ ಆಕಿ ತಟ್ಟಿದ್ದು. ಈ ಆಟದಾಗ ತಟ್ಟಿದವರು ಸೋತಂಗ."

"ಬೆನ್ನು ಹತ್ತಿದ್ರೂ ಲೆಕ್ಕಿಲ್ಲ?"

"ಲೆಕ್ಕಿಲ್ಲರಿ."

"ತಟ್ಟಿದವರು ಸೋತಂಗ?"

"ದೇವರಾಣಿ, ಸೋತಂಗ," ಎಂದೆ. ಹುಡುಗಿಯ ಆಟ ಉಳಿಯಿತಲ್ಲ ಎಂಬ ಖುಷಿಯಲ್ಲಿ ಕೂಗಿಯೇ ಹೇಳಿದೆ. ಸುತ್ತಲಿನ ಹತ್ತು ಜನ ಕೇಳಿಸಿಕೊಂಡರು.

ಪೈಲ್ವಾನ ಒಂದೇ ಚಪ್ಪಲಿಯಲ್ಲಿ ಓಡಿ ಹೋಗಿ ಮಗಳನ್ನು ಅಪ್ಪಿಕೊಂಡ. ಆಕೆಯ ಮೂಗಿನ ರಕ್ತ ಆತನ ಬಿಳಿ ಅಂಗಿಗೆಲ್ಲ ಹತ್ತಿತು. ಆಮೇಲೆ ಆತ ಸಾವಕಾಶ ನನ್ನ ಹತ್ತಿರ ಬಂದ, ನನ್ನ ಕಂಕುಳಿಂದ ವಹಿ ಎಳೆದುಕೊಂಡ, ಮೊದಲ ಪುಟ ತೆರೆದು ಪೆನ್ನನ್ನು ನನ್ನ ಕೈಗೆ ಕೊಟ್ಟ.

"ತಿದ್ದರಿ ಮಾಸ್ತರ. ರಾಮದುರ್ಗದಾಗ ಬೆನ್ನು ಹತ್ತಿದ್ದು ನಂದ, ಖರೇ. ಆದರ ತಟ್ಟಿದವರು ಯಾರ್ರಿ? ಅದೂ ಎರಡ ಸಲ!"