ಫಿಟ್ಟರ್ ಯಜಮಾನರ ಅಲುಗದ ಪೆಟ್ಟಿಗೆ

ಮೂವತ್ತನಾಲ್ಕು ವರ್ಷಗಳ ಹಿಂದೆ ಬಟ್ಟೆ ಗಿರಣಿಯ ದೊಡ್ಡ ಯಂತ್ರದಲ್ಲಿ ತೆಂಗಿನಕಾಯಿ ಗಾತ್ರದ ಒಂದು ನಟ್ಟು ತುಕ್ಕು ಹಿಡಿದು ಕುಳಿತುಬಿಟ್ಟಿತ್ತು. ಅದು ಸ್ಪ್ಯಾನರಿಗೆ ಸಿಕ್ಕಿಸಿ ಜಗ್ಗಿದ ಎರಡು ಉದ್ದನೆಯ ಕಬ್ಬಿಣದ ಕೊಳವೆಗಳನ್ನೂ ಮೂವರು ಎಂಜಿನಿಯರುಗಳ ಸೊಂಟವನ್ನೂ ಬಾಗಿಸಿತ್ತು. ಇನ್ನೂರು ಮಗ್ಗಗಳು ಸದ್ದಡಗಿ ನಿಂತಿದ್ದವು. ಕೊನೆಗೆ ಒಬ್ಬ ಫಿಟ್ಟರು ಎಲ್ಲರನ್ನೂ ಹೊರಗೆ ಕಳುಹಿಸಿ, ಬಾಗಿಲು ಹಾಕಿಕೊಂಡು, ಮೂರು ದಿನ ಒಳಗೇ ಇದ್ದರು. ಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆದು, ಎಲ್ಲರ ಕಣ್ಣೆದುರಿಗೆ, ಒಂದೇ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಒಂದೇ ಒಂದು ತಿರುವು ತಿರುವಿದರು. ನಟ್ಟು ಸೀಸೆಯ ಮುಚ್ಚಳದಂತೆ ಬಿಚ್ಚಿಕೊಂಡು ಬಂತು.

ಅಂದಿನಿಂದ ಅವರು ಫಿಟ್ಟರ್ ಯಜಮಾನರಾದರು. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಬೀದಿಯಲ್ಲಿ ಆ ಕತೆ ಕೇಳದ ಕಿವಿಯಿರಲಿಲ್ಲ. ಯಾರಾದರೂ, “ಆ ಮೂರು ದಿನ ಒಳಗೇನು ಮಾಡ್ತಿದ್ರಿ?” ಎಂದು ಕೇಳಿದರೆ ಮಾತ್ರ ಯಜಮಾನರು ಗಂಟಲು ಸರಿಪಡಿಸಿಕೊಂಡು, “ಅದು ಕಸುಬಿನ ಗುಟ್ಟು” ಎಂದು ನೇರವಾಗಿ ಮೂರನೆಯ ದಿನದ ಮಧ್ಯಾಹ್ನಕ್ಕೆ ಹಾರುತ್ತಿದ್ದರು.

ಅವರಿಗೆ ಪ್ರಾಣಕ್ಕೆ ಸಮನಾದ ವಸ್ತುವೊಂದಿದ್ದರೆ ಅದು ಅವರ ಹಳೆಯ ಮೋಟಾರ್‌ಸೈಕಲ್ಲು. ಅದಕ್ಕೆ ಈಗ ಸಂಚಕಾರ ಬಂದಿತ್ತು. ಹಿಂದಿನ ವಾರ ಹೆಂಡತಿಯ ತವರಿನ ಗೋಡೆ ಗಡಿಯಾರವನ್ನು ಚೀಲದಲ್ಲಿಟ್ಟು ಹ್ಯಾಂಡಲಿಗೆ ನೇತುಹಾಕಿಕೊಂಡು ಬರುವಾಗ ರಸ್ತೆಯ ಗುಂಡಿಯೊಂದು ಅಡ್ಡಬಂದು, ಗಡಿಯಾರದ ಗಾಜು ಅಕ್ಕಿಯ ನುಚ್ಚಿನಂತಾಗಿತ್ತು. ಆಕೆ ಒಂದು ಮಾತೂ ಬೈಯಲಿಲ್ಲ. ಗಡಿಯಾರವನ್ನು ರಿಪೇರಿಗೆ ಕೊಟ್ಟು ಬಂದು, ಗಾಡಿ ಕೊಳ್ಳುವವರೊಬ್ಬರನ್ನು ಗೊತ್ತುಮಾಡಿದರು.

“ಗುರುವಾರ ಐದು ಗಂಟೆಗೆ ಗಾಡಿ ನೋಡೋಕೆ ಬರ್ತಾರೆ” ಎಂದರು.

“ನನ್ನನ್ನ ಕೇಳದೆ?”

“ಗಡಿಯಾರ ನನ್ನನ್ನ ಕೇಳಿ ಒಡೀತಾ?”

ಯಜಮಾನರು ಎದೆ ಸೆಟೆಸಿದರು. “ಗಾಡಿ ಹಿಂದೆ ಗಟ್ಟಿ ಪೆಟ್ಟಿಗೆ ಕೂರಿಸ್ತೀನಿ. ಗುರುವಾರ ಐದು ಹೊಡೆಯೋದರೊಳಗೆ ನಿನ್ನ ಗಡಿಯಾರ ಇದೇ ಗಾಡಿ ಮೇಲೆ, ಒಂದು ಗೀರೂ ಇಲ್ಲದೆ, ಮನೆಗೆ ಬರತ್ತೆ. ಬರದೇ ಇದ್ರೆ ಬಂದವರ ಕೈಗೆ ಕೀಲಿಕೈ ನಾನೇ ಕೊಡ್ತೀನಿ. ಬಂದ್ರೆ, ಈ ಮನೇಲಿ ಗಾಡಿ ಮಾರೋ ಮಾತು ಎತ್ತಕೂಡದು.”

“ಆಗಲಿ” ಎಂದರು ಆಕೆ. ಅಷ್ಟು ಬೇಗ ಒಪ್ಪಿದ್ದೇ ಯಜಮಾನರಿಗೆ ಸರಿಬೀಳಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಳಕ್ಕೆ ಪೆಟ್ಟಿಗೆ ಬಂತು. ಕಪ್ಪಗೆ, ಹೊಳೆಯುತ್ತ, ಬೆನ್ನು ತಿರುಗಿಸಿ ಮಲಗಿದ ಎಮ್ಮೆಕರುವಿನಂತಿತ್ತು. ಅದರ ಹಿಂದೆಯೇ ಪಕ್ಕದ ಮನೆಯ ಟೈಲರೂ ಮಹಡಿಯ ಮೇಲಿನ ಲೆಕ್ಕದ ಮೇಷ್ಟರೂ ಬಂದರು. ಇನ್ನೊಬ್ಬರ ಮನೆಯ ಕೆಲಸವೆಂದರೆ ಇವರಿಬ್ಬರಿಗೂ ಊಟಕ್ಕಿಂತ ರುಚಿ. ಮೇಷ್ಟರು ಪೆಟ್ಟಿಗೆಯೊಳಗಿದ್ದ ಸೂಚನೆಯ ಹಾಳೆಯನ್ನು ತೆಗೆದು, ಕನ್ನಡಕವೇರಿಸಿ, ಪಾಠ ಒಪ್ಪಿಸುವ ದನಿಯಲ್ಲಿ ಓದತೊಡಗಿದರು.

“ಒಂದು. ತಟ್ಟೆಯನ್ನು ಕ್ಯಾರಿಯರಿಗೆ ಜೋಡಿಸಿ. ಎರಡು. ಪೆಟ್ಟಿಗೆಯನ್ನು ತಟ್ಟೆಯ ಮೇಲೆ ಜಾರಿಸಿ ಒತ್ತಿ. ಮೂರು. ಬೇಡವಾದಾಗ ಕೆಂಪು ಗುಂಡಿ ಒತ್ತಿದರೆ ಪೆಟ್ಟಿಗೆ ಸಲೀಸಾಗಿ ಕಳಚುತ್ತದೆ.”

ಯಜಮಾನರು ಅವಮಾನವಾದವರಂತೆ ತಲೆಯೆತ್ತಿದರು. “ಗುಂಡಿ ಒತ್ತಿದ್ರೆ ಕಳಚೋದು ಅಂದ್ರೆ ಅದನ್ನ ಕೂರಿಸಿದ್ದು ಅಂತಾರಾ ಮೇಷ್ಟ್ರೇ? ಒರಗಿಸಿದ್ದು ಅಂತಾರೆ.”

“ಹಾಳೇಲಿ ಹಾಗಿದೆ.”

“ಹಾಳೆ ಬರೆದೋನು ಸ್ಪ್ಯಾನರ್ ಹಿಡಿದಿರಲ್ಲ. ಮಡಿಚಿಡಿ ಅದನ್ನ.”

“ಇನ್ನೂ ಒಂಬತ್ತು ಸೂಚನೆ ಇದಾವೆ.”

“ಅದನ್ನೂ ಸೇರಿಸಿ ಮಡಿಚಿ.”

ಯಜಮಾನರು ಪೆಟ್ಟಿಗೆಯ ತಳಕ್ಕೆ ನಾಲ್ಕು ತೂತು ಕೊರೆದರು. ಮೂರನೆಯ ತೂತು ಕೊರೆಯುವಾಗ ಟೈಲರು, “ಒಂಚೂರು ಎಡಕ್ಕೆ, ಹೊಲಿಗೆ ಸೊಟ್ಟ ಆಗ್ತಾ ಇದೆ” ಎಂದು ಮೊಣಕೈ ತಿವಿದದ್ದರಿಂದ ಅದು ಕೆಟ್ಟು, ಅದರ ಬದಲಿಗೆ ಐದನೆಯದೊಂದನ್ನು ಕೊರೆಯಬೇಕಾಯಿತು. ನಾಲ್ಕು ದಪ್ಪ ಬೋಲ್ಟುಗಳು ಪೆಟ್ಟಿಗೆಯೊಳಗಿಂದ ತಟ್ಟೆಯನ್ನೂ ಕ್ಯಾರಿಯರನ್ನೂ ತೂರಿ ಕೆಳಗಿಳಿದವು. ಕೆಳಗಿನಿಂದ ನಟ್ಟು ಬಿಗಿದದ್ದಾಯಿತು. ಬಿಗಿದು ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗಿರಣಿಯಲ್ಲೊಂದು ಪದ್ಧತಿಯಿತ್ತು. ಹಗಲಿರುಳು ಅದುರುವ ಯಂತ್ರಗಳಲ್ಲಿ ನಟ್ಟು ಸಡಿಲವಾಗಬಾರದೆಂದು, ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಅಣಬೆಯಂತೆ ಅಗಲ ಮಾಡಿಬಿಡುತ್ತಿದ್ದರು. ಯಜಮಾನರು ನೆಲದ ಮೇಲೆ ಅಂಗಾತ ಮಲಗಿ ನಾಲ್ಕನ್ನೂ ಹಾಗೆ ಬಡಿದರು. ಬೀದಿಯ ಕೊನೆಯ ಮನೆಯಲ್ಲಿ ಮಲಗಿದ್ದ ಮಗು ಎದ್ದಿತು.

“ಎಳೀರಿ ಈಗ” ಎಂದರು.

ಟೈಲರು ಎಳೆದರು, ಮೇಷ್ಟರು ಎಳೆದರು. ಗಾಡಿಯೇ ಎರಡು ಅಂಗುಲ ಹಿಂದಕ್ಕೆ ಬಂತೇ ಹೊರತು ಪೆಟ್ಟಿಗೆ ಅಲುಗಲಿಲ್ಲ.

ಗಂಟೆ ಮೂರಾಯಿತು. ಹೆಂಡತಿ ಗಡಿಯಾರಕ್ಕೆ ಮೆತ್ತೆಯಾಗಲೆಂದು ಹಳೆಯ ಶಾಲೊಂದನ್ನು ತಂದುಕೊಟ್ಟರು. ಯಜಮಾನರು ಅದನ್ನು ಒಳಗೆ ಹಾಸಿ, ಪೆಟ್ಟಿಗೆಯ ಹೆಚ್ಚುವರಿ ಕೀಲಿಕೈ ಕಳೆದುಹೋಗಬಾರದೆಂದು ಶಾಲಿನ ಮಡಿಕೆಯಲ್ಲಿ ಜೋಪಾನವಾಗಿಟ್ಟರು.

“ಗಡಿಯಾರದ ಉದ್ದ ಹಿಡಿಸತ್ತಾ?” ಎಂದು ಮೇಷ್ಟರು ಅನುಮಾನ ತೆಗೆದರು.

ಟೈಲರ ಕೊರಳಿನಲ್ಲಿ ಅಳತೆಯ ಟೇಪು ಇದ್ದೇ ಇತ್ತು. ಅದರ ಇನ್ನೊಂದು ತುದಿ ಹಿಡಿಯಲು ಯಜಮಾನರಿಗೆ ಎರಡೂ ಕೈ ಬೇಕಾದವು. ಗಾಡಿಗಿದ್ದ ಒಂದೇ ಕೀಲಿ, ಪೆಟ್ಟಿಗೆಯ ಕೀಲಿ ಎರಡೂ ಇದ್ದ ಗೊಂಚಲನ್ನು ಶಾಲಿನ ಮೇಲಿಟ್ಟರು. ಅಳತೆ ಸರಿಹೋಯಿತು.

“ಎತ್ತರಕ್ಕೆ ಮುಚ್ಚಳ ಕೂತ್ಕೊಳತ್ತಾ?” ಎಂದರು ಮೇಷ್ಟರು.

“ಕೂತ್ಕೊಳತ್ತಾ ಅಂತ ಕೇಳ್ತೀರಲ್ಲ” ಎಂದು ಯಜಮಾನರು ಮುಚ್ಚಳವನ್ನು ಅಂಗೈಯಿಂದ ಬಡಿದರು. ಕಟಕ್ಕೆಂದಿತು.

ಮೇಷ್ಟರು ಜೇಬಿನಿಂದ ಹಾಳೆಯನ್ನು ಮೆಲ್ಲಗೆ ಬಿಡಿಸಿದರು. “ಏಳು. ಮುಚ್ಚಳಕ್ಕೆ ತಾನಾಗಿಯೇ ಬೀಗ ಬೀಳುತ್ತದೆ. ಕೀಲಿಕೈಯನ್ನು ಒಳಗೆ ಬಿಡದಂತೆ ಎಚ್ಚರ ವಹಿಸಿ.”

ಯಜಮಾನರು ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ ನೋಡಿದರು; ಅದು ಏಳಲಿಲ್ಲ.

ಟೈಲರು ಬೀಗದ ಅಂಗಡಿಗೆ ಫೋನು ಮಾಡಿದರು. “ಅಂಗಡಿ ಬಿಟ್ಟು ಬರೋಕಾಗಲ್ಲ. ಪೆಟ್ಟಿಗೆ ಕಳಚಿ ತನ್ನಿ, ಐದು ನಿಮಿಷದ ಕೆಲಸ. ಗುಂಡಿ ಒತ್ತಿದ್ರೆ ಬಂದ್ಬಿಡತ್ತೆ” ಎಂದನಂತೆ ಬೀಗದವನು. ಗಾಡಿಯನ್ನೇ ತಳ್ಳಿಕೊಂಡು ಹೋಗೋಣವೆಂದರೆ, ಅಂಗಳದಲ್ಲಿ ನಿಂತರೂ ಹ್ಯಾಂಡಲ್ ಲಾಕ್ ಹಾಕುವುದು ಯಜಮಾನರ ಶಿಸ್ತು. ಹ್ಯಾಂಡಲು ಒಂದು ಪಕ್ಕಕ್ಕೆ ತಿರುಗಿ ನಿಂತಿದ್ದರಿಂದ, ತಳ್ಳಿದರೆ ಅದು ಗಾಣದ ಎತ್ತಿನಂತೆ ಅಂಗಳದಲ್ಲೇ ಸುತ್ತು ಹಾಕಬಹುದಿತ್ತು, ಅಷ್ಟೆ. ಟೈಲರೂ ಮೇಷ್ಟರೂ ಸರದಿಯ ಮೇಲೆ ಗಾಡಿಯ ಕೆಳಗೆ ತೂರಿ ನಟ್ಟು ತಿರುಗಿಸಲು ನೋಡಿದರು. ಟೈಲರ ಅಂಗಿ ಹರಿಯಿತು. ಮೇಷ್ಟರ ಕನ್ನಡಕ ಬಗ್ಗಿತು.

“ಸುತ್ತಿಗೇಲಿ ಒಂದು ಕೊಟ್ಟು ಪೆಟ್ಟಿಗೆ ಒಡೆದ್ಹಾಕಿ” ಎಂದರು ಹೆಂಡತಿ.

“ಯಾರೂ ಮುಟ್ಟಕೂಡದು” ಎಂದು ಯಜಮಾನರು ಗಾಡಿಯೇರಿ ಕುಳಿತು ಕೈ ಕಟ್ಟಿದರು. ಅವರ ಮುಖದಲ್ಲಿ ಇದ್ದಕ್ಕಿದ್ದಂತೆ ಹೊಸ ಕಳೆ ಬಂದಿತ್ತು. “ನಾನೇನಂದಿದ್ದೆ? ಬಂದವರ ಕೈಗೆ ಕೀಲಿಕೈ ಕೊಡ್ತೀನಿ ಅಂದಿದ್ದೆ. ಕೀಲಿಕೈ ಎಲ್ಲಿದೆ? ಒಳಗಿದೆ. ಸಿಕ್ಕಿದ ದಿನ ಕೊಡ್ತೀನಿ. ಅಲ್ಲೀವರೆಗೆ ಈ ಗಾಡಿ ಈ ಅಂಗಳ ಬಿಟ್ಟು ಕದಲಲ್ಲ, ನಾನೂ ಕದಲಲ್ಲ.”

ಹೆಂಡತಿ ಟೈಲರ ಕಡೆ ತಿರುಗಿ, “ಅಣ್ಣ, ನೀವು ಸೈಕಲ್ಲಲ್ಲಿ ಹೋಗಿ ಗಡಿಯಾರ ತಂದ್ಕೊಡ್ತೀರಾ?” ಎಂದರು.

ಟೈಲರು ಹೋದರು. ಮುಕ್ಕಾಲು ಗಂಟೆಯಲ್ಲಿ ಬಂದರು. ಗಡಿಯಾರವು ಬಟ್ಟೆ ಚೀಲದಲ್ಲಿ, ಸೈಕಲ್ಲಿನ ಹ್ಯಾಂಡಲಿಗೆ ನೇತಾಡುತ್ತ, ಒಂದು ಗೀರೂ ಇಲ್ಲದೆ ಬಂತು. ಗೋಡೆಗೆ ತೂಗುಹಾಕಿದ್ದೇ ತಡ, ಅದು ಯಜಮಾನರನ್ನು ಕಿಟಕಿಯಿಂದ ನೋಡಿದಂತೆ ಮಾಡಿ ಐದು ಹೊಡೆಯಿತು.

ಆಗಲೇ ಗೇಟು ತೆರೆದು ಒಬ್ಬ ಹುಡುಗಿ ಒಳಗೆ ಬಂದಳು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ಲು ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ.

“ಗಾಡಿ ನೋಡೋಕೆ ಬಂದೆ ತಾತ.”

“ತಾತ ಅನ್ಬೇಡ. ನೋಡೋಕೇನಿಲ್ಲ. ಓಡಲ್ಲ. ಕೀಲಿ ಇಲ್ಲ. ಹ್ಯಾಂಡಲ್ ತಿರುಗಲ್ಲ. ಪೆಟ್ಟಿಗೆ ತೆಗೆಯೋಕಾಗಲ್ಲ” ಎಂದು ಯಜಮಾನರು ಗಾಡಿಯ ಗುಣಗಳನ್ನು ಹೆಮ್ಮೆಯಿಂದ ಎಣಿಸಿದರು.

“ಏನಂದ್ರಿ? ತೆಗೆಯೋಕಾಗಲ್ವಾ?”

ಹುಡುಗಿ ಚೀಲ ಕೆಳಗಿಟ್ಟು ಪೆಟ್ಟಿಗೆಯನ್ನು ಹಿಡಿದು ಜಗ್ಗಿದಳು. ಕಾಲು ಕೊಟ್ಟು ಜಗ್ಗಿದಳು. ಬಗ್ಗಿ ಕೆಳಗೆ ನೋಡಿದಳು. ಎದ್ದಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು.

“ನನ್ನ ಬಾಕ್ಸ್ ಎರಡು ಸಲ ಕದ್ರು ತಾತ. ಗುಂಡಿ ಒತ್ತೋದು, ತಗೊಂಡು ಹೋಗೋದು. ಹೋದ್ಸಲ ಹನ್ನೊಂದು ಜನದ ರಕ್ತ ಅದರಲ್ಲೇ ಹೋಯ್ತು. ಹನ್ನೊಂದು ಮನೆಗೂ ಮತ್ತೆ ಸೂಜಿ ಹಿಡ್ಕೊಂಡು ಹೋಗಿ ಬೈಸ್ಕೊಂಡೆ. ಇನ್ನೊಂದ್ಸಲ ಹಾಗಾದ್ರೆ ಕೆಲಸ ಇಲ್ಲ ಅಂದಿದಾರೆ. ಇಷ್ಟು ಗಟ್ಟಿ ಕೂರಿಸಿದ್ದು ಯಾರು?”

ಯಜಮಾನರು ಸುಮ್ಮನಿರಬೇಕಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದಾಗ ಅವರ ಬಾಯಿಗೆ ಬೀಗ ಹಾಕುವ ಪೆಟ್ಟಿಗೆಯನ್ನು ಯಾರೂ ಇನ್ನೂ ಮಾಡಿರಲಿಲ್ಲ. ಗಾಡಿಯಿಂದ ಇಳಿದರು. ಗಂಟಲು ಸರಿಪಡಿಸಿಕೊಂಡರು. ಬಟ್ಟೆ ಗಿರಣಿ, ಇನ್ನೂರು ಮಗ್ಗ, ಮೂವರು ಎಂಜಿನಿಯರು, ಮುಚ್ಚಿದ ಬಾಗಿಲು, ಒಂದೇ ಕೈಯ ತಿರುವು, ಎಲ್ಲವನ್ನೂ ಹೇಳಿದರು. ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು.

“ನಂಗೆ ಇದೇ ಗಾಡಿ ಬೇಕು” ಎಂದಳು. “ಪೆಟ್ಟಿಗೆ ಒಂದ್ಸಲ ಬಿಚ್ಚಿ, ಬೀಗ ತೆಗೆಸಿ, ಮತ್ತೆ ಹೀಗೇ ಬಿಗಿದು ಕೊಡಿ ತಾತ.”

“ಬಿಚ್ಚೋದಾ?” ಯಜಮಾನರು ಗಹಗಹಿಸಿ ನಕ್ಕರು. “ಕೇಳಿಸ್ಕೋ ಮಗು. ನಾನು ಬಿಗಿದ ನಟ್ಟು ಬಿಚ್ಚೋರು ಈ ಊರಲ್ಲಿ ಯಾರೂ ಹುಟ್ಟಿಲ್ಲ.”

“ಒಬ್ಬರು ಹುಟ್ಟಿದಾರಂತಲ್ಲ” ಎಂದರು ಹೆಂಡತಿ, ಬಾಗಿಲ ಚೌಕಟ್ಟಿಗೆ ಒರಗಿಕೊಂಡು. “ಮೂವತ್ನಾಲ್ಕು ವರ್ಷದಿಂದ ಕೇಳ್ತಾ ಇದೀನಿ. ಇಲ್ಲ ಅನ್ನಿ ನೋಡೋಣ, ಈಗಲೇ ಈ ಹುಡುಗೀನ ವಾಪಸ್ ಕಳಿಸ್ತೀನಿ. ಗಾಡಿ ನಿಮಗೇ ಇರಲಿ.”

ಯಜಮಾನರ ನಗು ಅರ್ಧದಲ್ಲಿ ನಿಂತಿತು. ಮೇಷ್ಟರು ಉತ್ತರಕ್ಕಾಗಿ ಕಿವಿ ಚಾಚಿದರು. ಆಗದು ಎಂದರೆ ಗಾಡಿ ಉಳಿಯುತ್ತಿತ್ತು, ಗಿರಣಿಯ ನಟ್ಟಿನ ಹೆಸರು ಹೋಗುತ್ತಿತ್ತು. ಸಂಜೆಯೊಳಗೆ ಆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟುತ್ತಿತ್ತು. ಯಜಮಾನರು ಗಾಡಿಯನ್ನು ಒಮ್ಮೆ ನೋಡಿದರು. ಆಮೇಲೆ ಎದೆ ಸೆಟೆಸಿ, ತೋಳು ಮಡಿಸಿದರು.

“ಯಾರು ಆಗಲ್ಲ ಅಂದಿದ್ದು? ಮೂರು ದಿನ ಬೇಕು.”

“ಭಾನುವಾರದವರೆಗೆ ನಂಗೆ ರಜೆ” ಎಂದು ಹುಡುಗಿ ಮೆಟ್ಟಿಲ ಮೇಲೆ ಕುಳಿತು, ಚೀಲದಿಂದ ಸಣ್ಣ ಪುಸ್ತಕವನ್ನೂ ಪೆನ್ನನ್ನೂ ತೆಗೆದಳು. “ಮುಂದೆ ನಂಗೂ ಬೇಕಾಗತ್ತೆ, ಬರ್ಕೋತೀನಿ. ಆ ನಟ್ಟಿನ ಕತೆ ಇನ್ನೊಂದ್ಸಲ ಹೇಳಿ ತಾತ. ಮೊದಲಿಂದ ಬೇಡ. ಬಾಗಿಲು ಹಾಕ್ಕೊಂಡ್ರಲ್ಲ, ಅಲ್ಲಿಂದ ಹೇಳಿ.”